ಮೂಡಲ್ ಕಲಿಕಾ ತಾಣದಲ್ಲಿ ಕನ್ನಡ ಪಠ್ಯ ಕೆಟ್ಟರೆ: ಎನ್‌ಕೋಡಿಂಗ್ ದೋಷದ ಪತ್ತೆ ಮತ್ತು ದುರಸ್ತಿ

ಆನ್‌ಲೈನ್ ಕಲಿಕಾ ತಾಣವೊಂದರಲ್ಲಿ ವಿದ್ಯಾರ್ಥಿಗಳ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣಿಸಿದಾಗ ಅಥವಾ ಪಾಠದ ನಡುವೆ ಅರ್ಥವಿಲ್ಲದ ರೋಮನ್ ಚಿಹ್ನೆಗಳು ತುಂಬಿಕೊಂಡಾಗ, ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ಕಡತವನ್ನು ಮತ್ತೊಮ್ಮೆ ತೆರೆದು, ಉಳಿಸಿ, ಮತ್ತೊಮ್ಮೆ ಅಪ್‌ಲೋಡ್ ಮಾಡುವುದು. ದಯವಿಟ್ಟು ಹಾಗೆ ಮಾಡಬೇಡಿ. ಕೆಟ್ಟಂತೆ ಕಾಣುವ ಪಠ್ಯದಲ್ಲಿ ಬಹುಪಾಲು ಇನ್ನೂ ಉಳಿಸಿಕೊಳ್ಳಬಹುದಾದ ಸ್ಥಿತಿಯಲ್ಲಿರುತ್ತದೆ. ಅದನ್ನು ನಿಜವಾಗಿ ಅಳಿಸಿಹಾಕುವುದು ಕಾರಣ ತಿಳಿಯದೆ ಕಡತವನ್ನು ಎರಡನೆಯ ಸಲ ಉಳಿಸುವುದೇ. ಈ ಲೇಖನವು ಆನ್‌ಲೈನ್ ಪಾಠ-ಪರೀಕ್ಷೆಗಳ ಮೂಡಲ್ ತಂತ್ರಾಂಶವನ್ನು ಮೈಎಸ್‌ಕ್ಯುಎಲ್ ಅಥವಾ ಮರಿಯಾಡಿಬಿ ಡೇಟಾಬೇಸ್ ಜೊತೆ ನಡೆಸುತ್ತಿರುವ ಕಾಲೇಜು ಮತ್ತು ತರಬೇತಿ ಕೇಂದ್ರಗಳ ಶಿಕ್ಷಕರು ಹಾಗೂ ನಿರ್ವಾಹಕರಿಗಾಗಿ ಬರೆದದ್ದು.

ಮೂಡಲ್ ಮೊದಲು ಬಿಡುಗಡೆಯಾದದ್ದು 2002ರಲ್ಲಿ. 2006ರಲ್ಲಿ ಬಂದ 1.6ನೇ ಆವೃತ್ತಿಯಿಂದ ಅದು ಒಳಗೆಲ್ಲ ಯುಟಿಎಫ್-8 ವಿಧಾನದ ಯೂನಿಕೋಡ್ ಅನ್ನೇ ಬಳಸುತ್ತಿದೆ. ಯೂನಿಕೋಡ್ ಎಂದರೆ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದು ಸಂಕೇತಸಂಖ್ಯೆ ಕೊಡುವ ಪಟ್ಟಿ; ಆ ಸಂಖ್ಯೆಯನ್ನು ಬೈಟ್‌ಗಳಾಗಿ (ಗಣಕ ಸಂಗ್ರಹಿಸುವ 0ರಿಂದ 255ರವರೆಗಿನ ಸಂಖ್ಯೆಗಳಾಗಿ) ಬರೆಯುವ ವಿಧಾನವೇ ಎನ್‌ಕೋಡಿಂಗ್, ಯುಟಿಎಫ್-8 ಅದರಲ್ಲೊಂದು. ಕನ್ನಡವಂತೂ 1991ರ ಮೊದಲ ಯೂನಿಕೋಡ್ ಆವೃತ್ತಿಯಿಂದಲೇ ಅದರಲ್ಲಿ ಸೇರಿದೆ. ಆದ್ದರಿಂದ ತಾಣದ ಒಳಗೇ ಕೀಲಿಮಣೆಯಿಂದ ನೇರವಾಗಿ ಬರೆದ ಕನ್ನಡ ಕೆಡುವುದು ತೀರಾ ಅಪರೂಪ. ಪಠ್ಯ ಕೆಡುವುದು ತಾಣದ ಗಡಿಯಲ್ಲಿ: ಎಕ್ಸೆಲ್‌ನಿಂದ ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯ) ಕಡತವಾಗಿ ಒಳಗೆ ಬರುವಾಗ, ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಡೇಟಾಬೇಸ್ ಸಾಗಿಸುವಾಗ, ಹಳೆಯ ವರ್ಡ್ ಕಡತದಿಂದ ಪಾಠವನ್ನು ನಕಲಿಸಿ ಅಂಟಿಸುವಾಗ, ಇಲ್ಲವೇ ಪ್ರಮಾಣಪತ್ರವಾಗಿ ಹೊರಗೆ ಹೋಗುವಾಗ. ಯಾವ ಗಡಿಯಲ್ಲಿ ಕೆಟ್ಟಿತು ಎಂಬುದನ್ನು ಕೆಟ್ಟ ಪಠ್ಯದ ರೂಪವೇ ಹೇಳುತ್ತದೆ. ಹೀಗಾಗಿ ಮೊದಲ ಕೆಲಸ ದುರಸ್ತಿಯಲ್ಲ, ಆ ರೂಪವನ್ನು ಓದುವುದು.

ಹೆಜ್ಜೆ 1: ರೂಪವನ್ನು ಗುರುತಿಸಿ

ಪ್ರತಿ ಅಕ್ಷರದ ಜಾಗದಲ್ಲೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಇದ್ದರೆ, ಕನ್ನಡ ಗೊತ್ತಿಲ್ಲದ ಅಕ್ಷರ ಪಟ್ಟಿಯೊಂದಕ್ಕೆ ಪಠ್ಯವನ್ನು ಬಲವಂತವಾಗಿ ಪರಿವರ್ತಿಸಲಾಗಿದೆ ಎಂದರ್ಥ. ಮೂಲ ಅಕ್ಷರಗಳು ಅಲ್ಲಿ ಇಲ್ಲ. ಯಾವ ಉಪಕರಣದಿಂದಲೂ ಅವನ್ನು ಮರಳಿ ತರಲಾಗದು. ಮೂಲ ಕಡತವನ್ನೋ ಬ್ಯಾಕಪ್ ಅನ್ನೋ ಹುಡುಕಬೇಕು.

ತಲೆಯ ಮೇಲೆ ಓರೆಗೆರೆ ಹೊತ್ತ ರೋಮನ್ 'ಎ', ಅದರ ಪಕ್ಕದಲ್ಲಿ ಮೇಲೇರಿಸಿ ಬರೆದ ² ಅಥವಾ ³, ಆಮೇಲೆ ಇನ್ನೊಂದು ಚಿಹ್ನೆ, ಹೀಗೆ ಮೂರು ಮೂರರ ಗುಂಪುಗಳು ಮತ್ತೆ ಮತ್ತೆ ಬರುತ್ತಿದ್ದರೆ, ಅದು ಯುಟಿಎಫ್-8 ಬೈಟ್‌ಗಳನ್ನು ವಿಂಡೋಸ್-1252 ಅಥವಾ ಲ್ಯಾಟಿನ್-1 ಎಂಬ ಹಳೆಯ ರೋಮನ್ ಅಕ್ಷರ ಪಟ್ಟಿಯೆಂದು ತಪ್ಪಾಗಿ ಓದಿದ ಗುರುತು. ಪ್ರತಿ ಕನ್ನಡ ಸಂಕೇತವೂ ಯುಟಿಎಫ್-8ರಲ್ಲಿ ಮೂರು ಬೈಟ್‌ಗಳಷ್ಟಿರುತ್ತದೆ: ಮೊದಲನೆಯದು ಯಾವಾಗಲೂ 224, ಎರಡನೆಯದು 178 ಅಥವಾ 179, ಮೂರನೆಯದು ಅಕ್ಷರಕ್ಕೆ ತಕ್ಕಂತೆ ಬದಲಾಗುತ್ತದೆ. 'ಕ' ಅಕ್ಷರವೆಂದರೆ 224, 178, 149. ಈ 224 ಆ ಓರೆಗೆರೆಯ 'ಎ' ಆಗಿ, 178 ಮತ್ತು 179 ಆ ಪುಟ್ಟ ಎರಡು ಮತ್ತು ಮೂರಾಗಿ ಕಾಣಿಸುತ್ತವೆ. ಇದನ್ನು ಸಾಮಾನ್ಯವಾಗಿ ಸರಿಪಡಿಸಬಹುದು.

ಕಪ್ಪು ವಜ್ರಾಕಾರದೊಳಗೆ ಪ್ರಶ್ನಾರ್ಥಕ ಚಿಹ್ನೆ ಕಂಡರೆ, ಅದೂ ಸಾಲಿನ ಕೊನೆಯಲ್ಲಿ ಒಂದೆರಡು ಮಾತ್ರ ಇದ್ದರೆ, ಯಾವುದೋ ಪ್ಲಗಿನ್ ಪಠ್ಯವನ್ನು ಅಕ್ಷರ ಎಣಿಸದೆ ಬೈಟ್ ಎಣಿಸಿ ಕತ್ತರಿಸಿದೆ. ಮೂರು ಬೈಟ್‌ಗಳ ಅಕ್ಷರದಲ್ಲಿ ಒಂದೋ ಎರಡೋ ಬೈಟ್ ಮಾತ್ರ ಉಳಿದುಕೊಂಡಿದೆ.

ರೋಮನ್ 'ಪಿ', 'ಕ್ಯು'ಗಳ ನಡುವೆ ಪೌಂಡ್ ಚಿಹ್ನೆ (£) ಮತ್ತು ಟೋಪಿ-ಗೆರೆಗಳ ಅಕ್ಷರಗಳು ಬೆರೆತಿದ್ದರೆ ಅದು ಎನ್‌ಕೋಡಿಂಗ್ ದೋಷವೇ ಅಲ್ಲ. ನುಡಿ ಅಥವಾ ಬರಹ ಎಂಬ ಕನ್ನಡ ಬೆರಳಚ್ಚು ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಪಠ್ಯ ಅದು. ಆ ಅಕ್ಷರಶೈಲಿ ಇದ್ದಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತದೆ. ಖಾಲಿ ಚೌಕಗಳು ಕಂಡರೆ ಆ ಸಾಧನದಲ್ಲಿ ಕನ್ನಡ ಅಕ್ಷರಶೈಲಿ ಇಲ್ಲ ಎಂದಷ್ಟೇ ಅರ್ಥ, ದತ್ತಾಂಶ ಸುರಕ್ಷಿತವಾಗಿದೆ. ಒತ್ತಕ್ಷರಗಳು ಕೆಳಗೆ ಸೇರದೆ ಬಿಡಿಬಿಡಿಯಾಗಿ ಪಿಡಿಎಫ್‌ನಲ್ಲಿ ಕಂಡರೂ ಹಾಗೆಯೇ. ಅದರ ಬಗ್ಗೆ ಮುಂದೆ ಹೇಳಿದ್ದೇನೆ.

ಹೆಜ್ಜೆ 2: ಕಣ್ಣನ್ನು ನಂಬದೆ ಅಳೆಯಿರಿ

ಪರದೆಯಲ್ಲಿ ಕಾಣುವುದು ಬ್ರೌಸರ್, ಅಕ್ಷರಶೈಲಿ, ಡೇಟಾಬೇಸ್ ಉಪಕರಣ ಇವೆಲ್ಲವನ್ನೂ ದಾಟಿ ಬಂದ ಚಿತ್ರ. ಸಂಗ್ರಹವಾಗಿರುವುದು ಏನು ಎಂಬುದು ಬೇರೆ ಪ್ರಶ್ನೆ. ಅದನ್ನು ತಿಳಿಯಲು ನಾನು ಎಲ್ಲರಿಗೂ ಶಿಫಾರಸು ಮಾಡುವ ವಿಧಾನ ಸರಳವಾಗಿದೆ. 'ಕನ್ನಡ' ಎಂಬ ಒಂದೇ ಪದ ಇರುವ ಸಾಲೊಂದನ್ನು ಹುಡುಕಿ, ಉದಾಹರಣೆಗೆ ಕೋರ್ಸ್ ವಿಭಾಗದ ಹೆಸರು, ಮೈಎಸ್‌ಕ್ಯುಎಲ್‌ನ ಎರಡು ಫಂಕ್ಷನ್‌ಗಳನ್ನು ಅದರ ಮೇಲೆ ನಡೆಸಿ: ಅಕ್ಷರಗಳನ್ನು ಎಣಿಸುವ 'ಕ್ಯಾರ್ ಲೆಂತ್' ಮತ್ತು ಬೈಟ್‌ಗಳನ್ನು ಎಣಿಸುವ 'ಲೆಂತ್'.

ನಮ್ಮ ಕಣ್ಣಿಗೆ 'ಕನ್ನಡ' ಮೂರಕ್ಷರ. ಕಂಪ್ಯೂಟರಿಗೆ ಅದು ಐದು ಸಂಕೇತ: ಕ, ನ, ಅರ್ಧಾಕ್ಷರದ ಚಿಹ್ನೆ (್), ಮತ್ತೊಂದು ನ, ಡ. ಹೀಗಾಗಿ ಆರೋಗ್ಯವಂತ ಸಾಲಿನಲ್ಲಿ ಅಕ್ಷರ 5, ಬೈಟ್ 15 ಎಂದು ಬರಬೇಕು. ಎರಡೂ 5 ಎಂದು ಬಂದರೆ ಅಲ್ಲಿರುವುದು ಐದು ಪ್ರಶ್ನಾರ್ಥಕ ಚಿಹ್ನೆಗಳು, ಪಠ್ಯ ಹೋಗಿದೆ. ಅಕ್ಷರ 15, ಬೈಟ್ 31 ಎಂದು ಬಂದರೆ ಯುಟಿಎಫ್-8 ಬೈಟ್‌ಗಳನ್ನು ತಪ್ಪಾಗಿ ಓದಿ, ಮತ್ತೊಮ್ಮೆ ಯುಟಿಎಫ್-8ಕ್ಕೆ ಪರಿವರ್ತಿಸಿ ಉಳಿಸಲಾಗಿದೆ. ಇದನ್ನು ಇಮ್ಮಡಿ ಎನ್‌ಕೋಡಿಂಗ್ ಎನ್ನಬಹುದು. ಎರಡೂ 15 ಎಂದು ಬಂದರೆ ಬೈಟ್‌ಗಳು ಸರಿಯಾಗಿವೆ, ಆದರೆ ಅಂಕಣವನ್ನು ಲ್ಯಾಟಿನ್1 ಎಂದು ಘೋಷಿಸಲಾಗಿದೆ. ಅಕ್ಷರ 7, ಬೈಟ್ 12 ಎಂದು ಬಂದರೆ ಅದು ನುಡಿ ಅಕ್ಷರಶೈಲಿಯ ಪಠ್ಯ.

ಅದೇ ಸಾಲಿನ ಮೇಲೆ 'ಹೆಕ್ಸ್' ಫಂಕ್ಷನ್ ನಡೆಸಿದರೆ ಬೈಟ್‌ಗಳನ್ನೇ ನೋಡಬಹುದು. ಸರಿಯಾದ ಕನ್ನಡದಲ್ಲಿ 'ಇ0 ಬಿ2' ಅಥವಾ 'ಇ0 ಬಿ3' ಎಂಬ ಜೋಡಿ (ಮೇಲೆ ಹೇಳಿದ 224, 178 ಮತ್ತು 224, 179ರ ಹದಿನಾರರ ಲೆಕ್ಕದ ರೂಪ) ಪ್ರತಿ ಅಕ್ಷರಕ್ಕೂ ಮರುಕಳಿಸುತ್ತದೆ. ಇಮ್ಮಡಿ ಎನ್‌ಕೋಡಿಂಗ್ ಆದಲ್ಲಿ ಅದರ ಬದಲಿಗೆ 'ಸಿ3 ಎ0 ಸಿ2 ಬಿ2' ಅಥವಾ 'ಸಿ3 ಎ0 ಸಿ2 ಬಿ3' ಕಾಣುತ್ತದೆ. ಈ ಗುರುತನ್ನು ಬರೆದಿಟ್ಟುಕೊಳ್ಳಿ, ನಾಲ್ಕನೇ ಹೆಜ್ಜೆಯಲ್ಲಿ ಬೇಕಾಗುತ್ತದೆ.

ಸಂಗ್ರಹದಲ್ಲಿ 5 ಮತ್ತು 15 ಸರಿಯಾಗಿಯೇ ಬಂದು, ಪುಟದಲ್ಲಿ ಮಾತ್ರ ಕೆಟ್ಟು ಕಂಡರೆ ಡೇಟಾಬೇಸ್ ಅನ್ನು ಮುಟ್ಟಲೇಬೇಡಿ. ದೋಷ ಹೊರಹೋಗುವ ದಾರಿಯಲ್ಲಿದೆ. ಕೋರ್ಸ್‌ಗೆ ಅಪ್‌ಲೋಡ್ ಮಾಡಿದ ಎಚ್‌ಟಿಎಂಎಲ್ ಪುಟದಲ್ಲಿ ಅಕ್ಷರ ಪಟ್ಟಿಯನ್ನು ಯುಟಿಎಫ್-8 ಎಂದು ಘೋಷಿಸುವ ಮೆಟಾ ಸಾಲು ಇಲ್ಲದಿರುವುದು ಇದಕ್ಕೆ ಸಾಮಾನ್ಯ ಕಾರಣ.

ಹೆಜ್ಜೆ 3: ಸೋರುವ ಜಾಗವನ್ನು ಮೊದಲು ಮುಚ್ಚಿ

ಹಳೆಯ ಸಾಲುಗಳನ್ನು ಸರಿಪಡಿಸುತ್ತಿರುವಾಗಲೇ ಹೊಸ ಕೆಟ್ಟ ಸಾಲುಗಳು ಸೇರುತ್ತಿದ್ದರೆ ಕೆಲಸ ಮುಗಿಯುವುದಿಲ್ಲ. ಕಾಲೇಜುಗಳಲ್ಲಿ ಅತಿ ಹೆಚ್ಚು ಹಾನಿ ಮಾಡುವುದು ಎಕ್ಸೆಲ್ ಮತ್ತು ಸಿಎಸ್‌ವಿ ನಡುವಿನ ದಾರಿ. ಎಕ್ಸೆಲ್‌ನಲ್ಲಿ ಕಡತವನ್ನು ಕೇವಲ 'ಸಿಎಸ್‌ವಿ, ಕಾಮಾ ಡಿಲಿಮಿಟೆಡ್' ಎಂದು ಉಳಿಸಿದರೆ ಅದು ವಿಂಡೋಸ್‌ನ ಹಳೆಯ ಅಕ್ಷರ ಪಟ್ಟಿಯನ್ನು ಬಳಸುತ್ತದೆ. ಇಂಗ್ಲಿಷ್ ಸಂಯೋಜನೆಯ ಗಣಕದಲ್ಲಿ ಎಲ್ಲ ಕನ್ನಡ ಹೆಸರುಗಳೂ ಆ ಕ್ಷಣವೇ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಉಳಿಸುವ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇರುವ 'ಸಿಎಸ್‌ವಿ ಯುಟಿಎಫ್-8' ಎಂಬುದನ್ನೇ ಆರಿಸಬೇಕು. 2016ರ ನಂತರದ ಎಕ್ಸೆಲ್‌ಗಳಲ್ಲಿ ಇದು ಸಿಗುತ್ತದೆ. ಹಳೆಯ ಎಕ್ಸೆಲ್ ಇರುವವರು ಲಿಬ್ರೆಆಫೀಸ್ ಕ್ಯಾಲ್ಕ್ ಅಥವಾ ಗೂಗಲ್ ಶೀಟ್ಸ್ ಬಳಸುವುದು ಒಳ್ಳೆಯದು. ಕ್ಯಾಲ್ಕ್ ಸಿಎಸ್‌ವಿ ತೆರೆಯುವಾಗಲೇ ಅಕ್ಷರ ಪಟ್ಟಿ ಯಾವುದೆಂದು ಕೇಳುತ್ತದೆ, ಶೀಟ್ಸ್ ಯುಟಿಎಫ್-8ರಲ್ಲಿಯೇ ಡೌನ್‌ಲೋಡ್ ಕೊಡುತ್ತದೆ.

ಇನ್ನೊಂದು ಅಪಾಯ ಹೆಚ್ಚು ಮೋಸಕರ. ಮೂಡಲ್‌ನಿಂದಲೋ ಶೀಟ್ಸ್‌ನಿಂದಲೋ ಇಳಿಸಿಕೊಂಡ ಸರಿಯಾದ ಸಿಎಸ್‌ವಿ ಕಡತದ ಮೇಲೆ ಎರಡು ಸಲ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದರೆ, ಕಡತದ ಆರಂಭದಲ್ಲಿ 'ಬಿಒಎಂ' ಎಂಬ ಮೂರು ಬೈಟ್‌ಗಳ ಗುರುತು (239, 187, 191) ಇಲ್ಲದಿದ್ದ ಪಕ್ಷದಲ್ಲಿ ಎಕ್ಸೆಲ್ ಅದನ್ನು ವಿಂಡೋಸ್-1252 ಎಂದು ಓದಿಬಿಡುತ್ತದೆ. ಅಲ್ಲಿಯೇ ಒಂದು ಅಂಕವನ್ನು ತಿದ್ದಿ ಉಳಿಸಿದರೆ ಕೆಟ್ಟ ರೂಪವೇ ಕಡತದಲ್ಲಿ ಕುಳಿತುಬಿಡುತ್ತದೆ. ಆದ್ದರಿಂದ ಕಡತವನ್ನು ನೇರವಾಗಿ ತೆರೆಯದೆ, ಎಕ್ಸೆಲ್‌ನ 'ಡೇಟಾ' ಪಟ್ಟಿಯಲ್ಲಿರುವ 'ಫ್ರಂ ಟೆಕ್ಸ್ಟ್/ಸಿಎಸ್‌ವಿ' ಮೂಲಕ ಒಳತಂದು, ಕಡತದ ಮೂಲ '65001 ಯುಟಿಎಫ್-8' ಎಂದು ಸೂಚಿಸಬೇಕು. ಅಂಕಪಟ್ಟಿಯನ್ನು ಮೂಡಲ್‌ನಿಂದ ಹೊರತೆಗೆಯುವವರಿಗೆ ಇನ್ನೂ ಸುಲಭದ ದಾರಿಯಿದೆ: ಸಿಎಸ್‌ವಿ ಬದಲು ಎಕ್ಸೆಲ್ ರೂಪದಲ್ಲಿಯೇ ರಫ್ತು ಮಾಡಿದರೆ ಈ ತೊಂದರೆಯೇ ಇರುವುದಿಲ್ಲ.

ಮೂಡಲ್‌ನ 'ಅಪ್‌ಲೋಡ್ ಯೂಸರ್ಸ್' ಪುಟದಲ್ಲಿ ಎನ್‌ಕೋಡಿಂಗ್ ಎಂಬ ಆಯ್ಕೆ ಇದೆ. ಅದು ಯುಟಿಎಫ್-8 ಆಗಿಯೇ ಇರಲಿ. ಅಪ್‌ಲೋಡ್ ಮುಗಿಯುವ ಮುನ್ನ ಮೊದಲ ಕೆಲವು ಸಾಲುಗಳ ಮುನ್ನೋಟ ಬರುತ್ತದೆ. ಆತುರದಲ್ಲಿ ಎಲ್ಲರೂ ದಾಟಿಹೋಗುವ ಪುಟ ಅದು, ಆದರೆ ನೂರಾರು ವಿದ್ಯಾರ್ಥಿಗಳ ಹೆಸರನ್ನು ಕಾಪಾಡುವ ಕೊನೆಯ ಅವಕಾಶವೂ ಅದೇ. ಅಲ್ಲಿ ಹೆಸರುಗಳು ಸರಿಯಾಗಿ ಕಾಣದಿದ್ದರೆ ಹಿಂದಕ್ಕೆ ಬನ್ನಿ. ಬಳಕೆದಾರರ ಲಾಗಿನ್ ಹೆಸರನ್ನು ಮಾತ್ರ ಸಣ್ಣ ರೋಮನ್ ಅಕ್ಷರ ಮತ್ತು ಅಂಕಿಗಳಲ್ಲೇ ಇಡಿ. ವಿಶೇಷ ಅನುಮತಿ ಕೊಡದ ಹೊರತು ಮೂಡಲ್ ಅಲ್ಲಿ ಕನ್ನಡವನ್ನು ಒಪ್ಪುವುದಿಲ್ಲ.

ಪ್ರಶ್ನೆಗಳನ್ನು ಗಿಫ್ಟ್ ಎಂಬ ಸರಳ ಪಠ್ಯ ರೂಪದಲ್ಲಿ ಬರೆದು ಒಳತರುವವರು ಪಠ್ಯ ಕಡತವನ್ನು ಯುಟಿಎಫ್-8ರಲ್ಲಿ ಉಳಿಸಬೇಕು. ವಿಂಡೋಸ್ 10ರ 1903ನೇ ಆವೃತ್ತಿಯಿಂದ ನೋಟ್‌ಪ್ಯಾಡ್ ತಾನಾಗಿಯೇ ಹೀಗೆ ಉಳಿಸುತ್ತದೆ. ಅದಕ್ಕಿಂತ ಹಳೆಯ ಗಣಕಗಳಲ್ಲಿ ಅದು 'ಆನ್ಸಿ' ಎಂಬ ಹಳೆಯ ಅಕ್ಷರ ಪಟ್ಟಿಯನ್ನೇ ಮುಂದಿಡುತ್ತದೆ, ಆಯ್ಕೆಯನ್ನು ಕೈಯಾರೆ ಬದಲಿಸಬೇಕಾಗುತ್ತದೆ.

ಸರ್ವರ್ ಬದಲಿಸುವವರಿಗೆ ಒಂದು ಮಾತು. ಡೇಟಾಬೇಸ್‌ನ ಡಂಪ್ (ಪೂರ್ಣ ಪ್ರತಿಯ ಕಡತ) ತೆಗೆಯುವಾಗಲೂ ತುಂಬುವಾಗಲೂ ಅಕ್ಷರ ಪಟ್ಟಿಯನ್ನು ಯುಟಿಎಫ್8ಎಂಬಿ4 (ಮೈಎಸ್‌ಕ್ಯುಎಲ್‌ನಲ್ಲಿ ಪೂರ್ಣ ಯುಟಿಎಫ್-8ರ ಹೆಸರು) ಎಂದು ಆದೇಶದಲ್ಲಿಯೇ ಬರೆಯಿರಿ, ಉಪಕರಣದ ಊಹೆಗೆ ಬಿಡಬೇಡಿ. ವಿಂಡೋಸ್ ಪವರ್‌ಶೆಲ್‌ನಲ್ಲಿ '>' ಚಿಹ್ನೆಯ ಮೂಲಕ ಡಂಪ್ ಅನ್ನು ಕಡತಕ್ಕೆ ತಿರುಗಿಸುವುದಂತೂ ಖಂಡಿತ ಬೇಡ, ಏಕೆಂದರೆ ಪವರ್‌ಶೆಲ್ ನಡುವೆ ಕೈಹಾಕಿ ಪಠ್ಯವನ್ನು ಯುಟಿಎಫ್-16ಕ್ಕೆ ಪರಿವರ್ತಿಸುತ್ತದೆ. ಮೈಎಸ್‌ಕ್ಯುಎಲ್ ಡಂಪ್ ಉಪಕರಣಕ್ಕೇ ಇರುವ 'ರಿಸಲ್ಟ್ ಫೈಲ್' ಆಯ್ಕೆಯನ್ನು ಬಳಸಿದರೆ ಬೈಟ್‌ಗಳು ಇದ್ದಂತೆಯೇ ಕಡತ ಸೇರುತ್ತವೆ.

ಕನ್ನಡ ಸರಿಯಿದ್ದು, ಎಮೋಜಿ ಬಂದರೆ ಮಾತ್ರ ದೋಷ ಬರುವುದೇಕೆ

ಕೆಲವು ತಾಣಗಳಲ್ಲಿ ಕನ್ನಡವೆಲ್ಲ ಚೆನ್ನಾಗಿರುತ್ತದೆ, ಆದರೆ ವಿದ್ಯಾರ್ಥಿಯೊಬ್ಬ ಮೊಬೈಲ್‌ನಿಂದ ಉತ್ತರ ಬರೆದು ಕೊನೆಗೊಂದು ನಗುಮುಖ ಸೇರಿಸಿದ ಕೂಡಲೇ 'ಡೇಟಾಬೇಸ್‌ಗೆ ಬರೆಯುವಾಗ ದೋಷ' ಎಂಬ ಸಂದೇಶ ಬರುತ್ತದೆ. ಸರ್ವರ್ ದಾಖಲೆಯಲ್ಲಿ ನೋಡಿದರೆ 1366 ಎಂಬ ದೋಷಸಂಖ್ಯೆ ಇರುತ್ತದೆ. ಮೈಎಸ್‌ಕ್ಯುಎಲ್‌ನಲ್ಲಿ 'ಯುಟಿಎಫ್8' ಎಂದು ಬಹುಕಾಲ ಕರೆಯಲಾಗುತ್ತಿದ್ದದ್ದು ಮೂರು ಬೈಟ್‌ವರೆಗಿನ ಅಕ್ಷರಗಳನ್ನು ಮಾತ್ರ ಹಿಡಿದಿಡುವ ಅರೆಬರೆ ರೂಪ. ಕನ್ನಡ ಮೂರು ಬೈಟ್‌ಗಳಲ್ಲಿ ಮುಗಿಯುವುದರಿಂದ ಅದು ಅಲ್ಲಿ ಹಿಡಿಸುತ್ತದೆ, ನಾಲ್ಕು ಬೈಟ್‌ಗಳ ಎಮೋಜಿ ಹಿಡಿಸುವುದಿಲ್ಲ. ಸರ್ವರ್ ಕಟ್ಟುನಿಟ್ಟಿನ ವಿಧಾನದಲ್ಲಿ ಇಲ್ಲದಿದ್ದರೆ ಇನ್ನೂ ಕೆಟ್ಟದ್ದು ಆಗುತ್ತದೆ: ದೋಷಸಂದೇಶವೇ ಬರದೆ ಎಮೋಜಿಯಿಂದ ಮುಂದಿನ ಬರಹವೆಲ್ಲ ಸದ್ದಿಲ್ಲದೆ ಕತ್ತರಿಸಿಹೋಗುತ್ತದೆ. ಅರ್ಧ ಉತ್ತರಕ್ಕೆ ಅರ್ಧ ಅಂಕ ಪಡೆದ ವಿದ್ಯಾರ್ಥಿಗೆ ಕಾರಣ ತಿಳಿಯುವುದೇ ಇಲ್ಲ.

ನಾಲ್ಕು ಬೈಟ್‌ಗಳ ಪೂರ್ಣ ರೂಪವಾದ ಯುಟಿಎಫ್8ಎಂಬಿ4 ಮೈಎಸ್‌ಕ್ಯುಎಲ್ 5.5.3ರಲ್ಲಿ ಬಂದಿತು, 8.0ರಿಂದ ಅದೇ ಪೂರ್ವನಿಯೋಜಿತ. ಹಳೆಯ ತಾಣವನ್ನು ಇದಕ್ಕೆ ಬದಲಿಸಲು ಮೂಡಲ್ ತನ್ನ 'ಅಡ್ಮಿನ್' ಕೋಶದೊಳಗಿನ 'ಸಿಎಲ್ಐ' ಉಪಕೋಶದಲ್ಲಿ ಕೊಲೇಷನ್ (ಅಕ್ಷರ ಪಟ್ಟಿ ಮತ್ತು ಹೋಲಿಕೆಯ ನಿಯಮ) ಬದಲಿಸುವ ಸ್ಕ್ರಿಪ್ಟ್ ಒಂದನ್ನು ಕೊಟ್ಟಿದೆ. ಬ್ಯಾಕಪ್ ತೆಗೆದು, ತಾಣವನ್ನು ನಿರ್ವಹಣಾ ಸ್ಥಿತಿಗೆ ತಂದು, ಅದನ್ನು ನಡೆಸಿ, ಬಳಿಕ ಸಂರಚನಾ ಕಡತದ ಡೇಟಾಬೇಸ್ ಆಯ್ಕೆಗಳಲ್ಲಿಯೂ ಅದೇ ಕೊಲೇಷನ್ ಬರೆಯಬೇಕು. ಹಳೆಯ ಸರ್ವರ್‌ಗಳಲ್ಲಿ ಸೂಚಿಕೆಯ (ಇಂಡೆಕ್ಸ್) ಉದ್ದದ ಮಿತಿ 767 ಬೈಟ್. 255 ಅಕ್ಷರದ ಅಂಕಣ ಮೂರರ ಲೆಕ್ಕದಲ್ಲಿ 765 ಆಗಿ ಹಿಡಿಸುತ್ತಿತ್ತು, ನಾಲ್ಕರ ಲೆಕ್ಕದಲ್ಲಿ 1020 ಆಗಿ ಮೀರುತ್ತದೆ. ಅಲ್ಲಿ ಸ್ಕ್ರಿಪ್ಟ್ ನಿಂತುಹೋದರೆ ಸಾಲುಗಳ ಸ್ವರೂಪವನ್ನು 'ಡೈನಾಮಿಕ್'ಗೆ ಬದಲಿಸಿ. ಮಿತಿ 3072ಕ್ಕೆ ಏರುತ್ತದೆ. ಪೋಸ್ಟ್‌ಗ್ರೆಸ್‌ಕ್ಯುಎಲ್ ಬಳಸುವವರಿಗೆ ಈ ಮೂರು ಬೈಟ್‌ನ ಗೊಡವೆ ಇಲ್ಲ.

ಹೆಜ್ಜೆ 4: ಇಮ್ಮಡಿ ಎನ್‌ಕೋಡಿಂಗ್ ಬಿಡಿಸುವುದು

ಪೂರ್ಣ ಬ್ಯಾಕಪ್ ತೆಗೆದು, ಅದರ ಪ್ರತಿಯನ್ನು ಬೇರೊಂದು ಸರ್ವರ್‌ನಲ್ಲಿ ಎಬ್ಬಿಸಿ, ಅಲ್ಲಿ ಮಾತ್ರ ಪ್ರಯೋಗ ಮಾಡಿ. ಕ್ರಮ ಹೀಗಿದೆ: ಅಂಕಣದ ಪಠ್ಯವನ್ನು ಲ್ಯಾಟಿನ್1ಕ್ಕೆ ಪರಿವರ್ತಿಸಬೇಕು; ಬಂದದ್ದನ್ನು ಬೈನರಿ ಎಂದು ಪರಿಗಣಿಸುವಂತೆ ಹೇಳಬೇಕು; ಆ ಬೈಟ್‌ಗಳನ್ನು ಯುಟಿಎಫ್8ಎಂಬಿ4 ಎಂದು ಮತ್ತೆ ಓದಿಸಬೇಕು. ಮೂರನ್ನೂ ಒಂದೇ ಡೇಟಾಬೇಸ್ ಆದೇಶದಲ್ಲಿ ಒಂದರೊಳಗೊಂದು ಇರಿಸಬಹುದು. ಮೊದಲು 'ಸೆಲೆಕ್ಟ್' ಮೂಲಕ ಫಲಿತಾಂಶವನ್ನು ನೋಡಿ, ಕನ್ನಡ ಸರಿಯಾಗಿ ಬಂದ ಮೇಲಷ್ಟೇ 'ಅಪ್‌ಡೇಟ್' ನಡೆಸಬೇಕು.

ಇಲ್ಲಿ ಅತಿ ಮುಖ್ಯವಾದ ಎಚ್ಚರಿಕೆಯೊಂದಿದೆ. ಈ ಪರಿವರ್ತನೆಯನ್ನು ಆರೋಗ್ಯವಂತ ಕನ್ನಡ ಸಾಲಿನ ಮೇಲೆ ನಡೆಸಿದರೆ, ಲ್ಯಾಟಿನ್1ರಲ್ಲಿ ಕನ್ನಡವಿಲ್ಲದ ಕಾರಣ ಅದು ಪ್ರಶ್ನಾರ್ಥಕ ಚಿಹ್ನೆಗಳಾಗಿ ಶಾಶ್ವತವಾಗಿ ನಾಶವಾಗುತ್ತದೆ. ಸರ್ವರ್ ಬದಲಾದ ನಂತರ ಬರೆದ ಹೊಸ ಸಾಲುಗಳು ಸರಿಯಾಗಿಯೇ ಇರುವುದರಿಂದ, ಒಂದೇ ಕೋಷ್ಟಕದಲ್ಲಿ ಎರಡೂ ಬಗೆಯವು ಬೆರೆತಿರುವುದು ಸಾಮಾನ್ಯ. ಆದ್ದರಿಂದ ಎರಡನೇ ಹೆಜ್ಜೆಯಲ್ಲಿ ಬರೆದಿಟ್ಟುಕೊಂಡ 'ಸಿ3 ಎ0 ಸಿ2 ಬಿ2' ಮತ್ತು 'ಸಿ3 ಎ0 ಸಿ2 ಬಿ3' ಗುರುತುಗಳು ಹೆಕ್ಸ್ ರೂಪದಲ್ಲಿ ಇರುವ ಸಾಲುಗಳಿಗೆ ಮಾತ್ರ ದುರಸ್ತಿ ತಗಲುವಂತೆ ಷರತ್ತು ಹಾಕಬೇಕು. ಒಂದೇ ಸಾಲಿನೊಳಗೆ ಸರಿಯಾದ ಕನ್ನಡವೂ ಕೆಟ್ಟ ಕನ್ನಡವೂ ಇದ್ದರೆ ಅದನ್ನು ಹೊರಗಿಟ್ಟು ಕೈಯಾರೆ ತಿದ್ದುವುದೇ ಕ್ಷೇಮ.

ಅಂಕಣವು ಲ್ಯಾಟಿನ್1 ಎಂದಿದ್ದು ಬೈಟ್‌ಗಳು ಸರಿಯಿದ್ದಲ್ಲಿ (ಎರಡೂ ಎಣಿಕೆ 15) ದಾರಿ ಬೇರೆ. ಅಂಕಣದ ಬಗೆಯನ್ನು ಮೊದಲು ಬೈನರಿ ರೂಪಕ್ಕೆ, ಆಮೇಲೆ ಯುಟಿಎಫ್8ಎಂಬಿ4ಕ್ಕೆ ಬದಲಿಸಬೇಕು. ನೇರವಾಗಿ ಬದಲಿಸಿದರೆ ಮೈಎಸ್‌ಕ್ಯುಎಲ್ ಪ್ರತಿ ಬೈಟನ್ನೂ ಒಂದು ಅಕ್ಷರವೆಂದು ಭಾವಿಸಿ ಪರಿವರ್ತಿಸುತ್ತದೆ, ಇಲ್ಲದ ಇಮ್ಮಡಿ ಎನ್‌ಕೋಡಿಂಗ್ ಅನ್ನು ನೀವೇ ಮಾಡಿದಂತಾಗುತ್ತದೆ.

ಕೆಟ್ಟ ಪಠ್ಯ ಡೇಟಾಬೇಸ್‌ನಲ್ಲಿರದೆ ಸಿಎಸ್‌ವಿ ಅಥವಾ ವರ್ಡ್ ಕಡತದಲ್ಲಿದ್ದರೆ ಇನ್ನೊಂದು ತೊಡಕು ಎದುರಾಗುತ್ತದೆ, ಇದು ಕನ್ನಡಕ್ಕೇ ವಿಶೇಷವಾಗಿ ಕಾಡುವಂಥದ್ದು. ವಿಂಡೋಸ್-1252 ಪಟ್ಟಿಯಲ್ಲಿ 129, 141, 143, 144, 157 ಎಂಬ ಐದು ಬೈಟ್‌ಗಳಿಗೆ ಅಕ್ಷರವೇ ಇಲ್ಲ. ದುರದೃಷ್ಟವೆಂದರೆ ಉಕಾರದ ಚಿಹ್ನೆಯ (ು) ಮೂರನೇ ಬೈಟ್ 129, ಅರ್ಧಾಕ್ಷರದ ಚಿಹ್ನೆಯ (್) ಮೂರನೇ ಬೈಟ್ 141. ಇವೆರಡೂ ಇಲ್ಲದ ಕನ್ನಡ ವಾಕ್ಯ ಸಿಗುವುದೇ ಕಷ್ಟ. ಏ, ಐ, ಝ ಅಕ್ಷರಗಳು ಉಳಿದ ಮೂರರಲ್ಲಿ ಸಿಕ್ಕಿಬೀಳುತ್ತವೆ. ಮೈಎಸ್‌ಕ್ಯುಎಲ್‌ನ ಲ್ಯಾಟಿನ್1 ಈ ಐದನ್ನೂ ಕಳೆಯದೆ ಕಾಪಾಡುತ್ತದೆ, ಹಲವು ಸಂಪಾದಕ ತಂತ್ರಾಂಶಗಳು ಕಾಪಾಡುವುದಿಲ್ಲ. ಜೊತೆಗೆ 'ಠ'ದ ಮೂರನೇ ಬೈಟ್ ಮುರಿಯದ ಖಾಲಿಜಾಗವಾಗಿ, 'ಭ'ದ್ದು ಕಣ್ಣಿಗೆ ಕಾಣದ ಮೃದು ಅಡ್ಡಗೆರೆಯಾಗಿ ಬದಲಾಗುವುದರಿಂದ, ನಕಲಿಸಿ ಅಂಟಿಸುವಾಗ ಅವೂ ಬಿದ್ದುಹೋಗಬಹುದು. ಹೀಗೆ ಕಳೆದ ಬೈಟ್‌ಗಳಿರುವ ಪಠ್ಯವನ್ನು ಬಿಡಿಸಿದಾಗ ಅಲ್ಲಲ್ಲಿ ಕಪ್ಪು ವಜ್ರಗಳು ಉಳಿಯುತ್ತವೆ. ಮೊದಲ ಎರಡು ಬೈಟ್ 224, 179 ಎಂದು ಉಳಿದಿದ್ದರೆ ಕಳೆದದ್ದು ಬಹುತೇಕ ಉಕಾರ ಇಲ್ಲವೇ ಅರ್ಧಾಕ್ಷರ. ಕನ್ನಡ ಬಲ್ಲವರು ವಾಕ್ಯ ಓದಿ ಯಾವುದೆಂದು ಹೇಳಬಲ್ಲರು. ಯಂತ್ರಕ್ಕೆ ಈ ಕೆಲಸ ಒಪ್ಪಿಸಬೇಡಿ.

ಮೂಡಲ್‌ನ ಬ್ಲಾಕ್‌ಗಳ (ಪುಟದ ಬದಿಯ ಪೆಟ್ಟಿಗೆಗಳ) ಸಂರಚನೆ ಮಾತ್ರ ಈ ವಿಧಾನಕ್ಕೆ ಸಿಗುವುದಿಲ್ಲ. ಅದು ಸೀರಿಯಲೈಸ್ ಆಗಿ (ಎಲ್ಲ ಆಯ್ಕೆಗಳೂ ಒಂದೇ ಸಾಲಿಗೆ ಇಳಿದು), ಬೇಸ್64 ಎಂಬ ಸಂಕೇತ ರೂಪದಲ್ಲಿ ಕಟ್ಟಿಟ್ಟ ಪಠ್ಯ. ಪ್ರತಿ ತುಣುಕಿನ ಬೈಟ್ ಉದ್ದವನ್ನೂ ಅದರೊಳಗೇ ಬರೆದಿರುವುದರಿಂದ ಹೊರಗಿನಿಂದ ತಿದ್ದಿದರೆ ಇಡೀ ಬ್ಲಾಕ್ ಮುರಿಯುತ್ತದೆ. ಅಂಥವನ್ನು ತಾಣದ ಪುಟದಿಂದಲೇ ತೆರೆದು ಮರುಬರೆಯಬೇಕು.

ನುಡಿ ಅಕ್ಷರಶೈಲಿಯ ಪಾಠಗಳು ಮತ್ತು ಪಿಡಿಎಫ್

ಹಳೆಯ ನೋಟ್ಸ್‌ಗಳನ್ನು ಯೂನಿಕೋಡ್‌ಗೆ ತರಲು ನುಡಿ ಮತ್ತು ಬರಹ ಎರಡರಲ್ಲೂ ಪರಿವರ್ತಕಗಳಿವೆ. ಪಠ್ಯವನ್ನು ಮೂಡಲ್‌ಗೆ ಅಂಟಿಸಿದ ಮೇಲಲ್ಲ, ಮೂಲ ವರ್ಡ್ ಕಡತದಲ್ಲಿಯೇ ಪರಿವರ್ತಿಸಿ. ಯಾವುದು ಕನ್ನಡ, ಯಾವುದು ಇಂಗ್ಲಿಷ್ ಎಂದು ತಿಳಿಯುವುದು ಅಲ್ಲಿನ ಅಕ್ಷರಶೈಲಿಯ ಹೆಸರಿನಿಂದ ಮಾತ್ರ; ಅಂಟಿಸಿದಾಗ ಆ ಮಾಹಿತಿ ಕಳೆದುಹೋಗಿ, ವಾಕ್ಯದ ನಡುವಿನ ಇಂಗ್ಲಿಷ್ ಪದಗಳೂ ಸೂತ್ರಗಳೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ರಸಾಯನಶಾಸ್ತ್ರ, ಗಣಿತದ ನೋಟ್ಸ್ ಇರುವವರು ಪರಿವರ್ತನೆಯ ನಂತರ ಪ್ರತಿ ಸೂತ್ರವನ್ನೂ ಮೂಲದೊಂದಿಗೆ ಹೋಲಿಸಿ ನೋಡಲೇಬೇಕು.

ಮೂಡಲ್ ಪಿಡಿಎಫ್ ತಯಾರಿಸಲು ಬಳಸುವ ಟಿಸಿಪಿಡಿಎಫ್ ಎಂಬ ತಂತ್ರಾಂಶ ಭಾಗಕ್ಕೆ ಭಾರತೀಯ ಲಿಪಿಗಳ ಅಕ್ಷರ ಜೋಡಣೆ ಬರುವುದಿಲ್ಲ. ಪ್ರಮಾಣಪತ್ರದಲ್ಲಿ ಒತ್ತುಗಳು ಬಿಡಿಯಾಗಿ ಬಿದ್ದರೆ ಎನ್‌ಕೋಡಿಂಗ್ ತಿದ್ದುವುದರಿಂದ ಪ್ರಯೋಜನವಿಲ್ಲ. ಪ್ರಮಾಣಪತ್ರವನ್ನು ಎಚ್‌ಟಿಎಂಎಲ್ ಪುಟವಾಗಿ ತಯಾರಿಸಿ ಬ್ರೌಸರ್‌ನ ಮುದ್ರಣದಿಂದ ಪಿಡಿಎಫ್ ಮಾಡಿಕೊಳ್ಳಿ, ಅಥವಾ ಕನ್ನಡ ಜೋಡಣೆ ಬಲ್ಲ ಎಂಪಿಡಿಎಫ್ ಬಳಸಿ.

ಹೆಜ್ಜೆ 5: ಸರಿಯಾಗಿ ಕಾಣುವ ಉತ್ತರ ತಪ್ಪೆಂದು ಎಣಿಕೆಯಾಗುವುದು

ಕೊನೆಯ ಬಗೆಯ ದೋಷ ಕಣ್ಣಿಗೆ ಕಾಣುವುದೇ ಇಲ್ಲ, ಆದರೆ ವಿದ್ಯಾರ್ಥಿಗೆ ನೇರವಾಗಿ ಅನ್ಯಾಯ ಮಾಡುವುದು ಇದೇ. ಕಿರು ಉತ್ತರದ ಪ್ರಶ್ನೆಗೆ ವಿದ್ಯಾರ್ಥಿ ಬರೆದದ್ದೂ ಶಿಕ್ಷಕರು ಕೊಟ್ಟ ಉತ್ತರವೂ ಪರದೆಯಲ್ಲಿ ಒಂದೇ ರೀತಿ ಇರುತ್ತವೆ, ಮೂಡಲ್ ಶೂನ್ಯ ಕೊಡುತ್ತದೆ. ಒಕಾರವನ್ನು (ೊ) ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಯೂನಿಕೋಡ್ ಇವೆರಡನ್ನೂ ಸಮಾನವೆಂದು ಹೇಳುತ್ತದೆ, ಮೂಡಲ್‌ನ ಕಿರು ಉತ್ತರದ ಹೋಲಿಕೆ ಇದನ್ನು ಸಮೀಕರಿಸಿಕೊಳ್ಳುತ್ತದೆ. ಆದರೆ ಅಗೋಚರ ಜೋಡಕಗಳನ್ನು (ಸಂಕೇತ 8204 ಮತ್ತು 8205) ಈ ಸಮೀಕರಣ ತೆಗೆಯುವುದಿಲ್ಲ. 'ಸಾಫ್ಟ್‌ವೇರ್' ಎಂದು ಬರೆಯುವಾಗ 'ವ' ಒತ್ತಾಗದಿರಲು ಒಬ್ಬರ ಕೀಲಿಮಣೆ 8204 ಸೇರಿಸುತ್ತದೆ, ಇನ್ನೊಬ್ಬರ ಮೊಬೈಲ್ ಸೇರಿಸುವುದಿಲ್ಲ. 'ರ‍್ಯಾಂಕ್' ಪದದಲ್ಲಿ 8205 ಎಲ್ಲಿ ಕೂರುತ್ತದೆ ಎಂಬುದೂ ಕೀಲಿಮಣೆಯಿಂದ ಕೀಲಿಮಣೆಗೆ ಬೇರೆಯಾಗುತ್ತದೆ.

ಇಂಥ ಪದಗಳಿರುವ ಪ್ರಶ್ನೆಗಳಿಗೆ ಸಾಧ್ಯವಿರುವ ಎಲ್ಲ ರೂಪಗಳನ್ನೂ ಪೂರ್ಣ ಅಂಕದ ಉತ್ತರಗಳಾಗಿ ಸೇರಿಸಿ, ಅಥವಾ ಜೋಡಕ ಬರಬಹುದಾದ ಜಾಗದಲ್ಲಿ ನಕ್ಷತ್ರ ಚಿಹ್ನೆ (*) ಇಡಿ. ನಕ್ಷತ್ರ ಏನನ್ನು ಬೇಕಾದರೂ ಒಪ್ಪುವುದರಿಂದ ಪದದ ನಡುವೆ ಒಂದಕ್ಕಿಂತ ಹೆಚ್ಚು ಬಳಸದಿರುವುದು ಮೇಲು. ಪರೀಕ್ಷೆ ಈಗಾಗಲೇ ಮುಗಿದಿದ್ದರೆ ಉತ್ತರಪಟ್ಟಿಯನ್ನು ತಿದ್ದಿ, ಫಲಿತಾಂಶದ ಪುಟದಲ್ಲಿರುವ 'ರೀಗ್ರೇಡ್' ಗುಂಡಿಯನ್ನು ಮೊದಲು ಪೂರ್ವಪರೀಕ್ಷೆಯಾಗಿ ನಡೆಸಿ, ಯಾರ ಅಂಕ ಎಷ್ಟು ಬದಲಾಗುತ್ತದೆ ಎಂಬ ಪಟ್ಟಿಯನ್ನು ನೋಡಿಕೊಂಡು, ಆಮೇಲೆ ನಿಜವಾಗಿ ನಡೆಸಿ. ಅಂಕ ಬದಲಾದ ವಿದ್ಯಾರ್ಥಿಗಳಿಗೆ ಕಾರಣವನ್ನು ಬರೆದು ತಿಳಿಸಿ.